ಪೀಚ್ ಫೇಸ್ ಲವ್ ಬರ್ಡ್ ಜೋಡಿಯ ಮೊಟ್ಟೆಗಳು: ಸಂಕ್ರಾಂತಿಯಿಂದ ಇಲ್ಲಿವರೆಗೆ

ಸಂಕ್ರಾಂತಿ ಆದ ವಾರ

ಪಂಜರಕ್ಕೆ ಗೂಡಿನ ಪೆಟ್ಟಿಗೆ ಕಟ್ಟಿದ್ದೇನೆ. ಪೀಚ್ ಫೇಸ್ ಲವ್ ಬರ್ಡ್‌ಗಳ ಮೂಲ ಆಫ್ರಿಕಾದ ನಮೀಬಿಯಾ, ಅಂಗೋಲಾ ಕಡೆಯ ಒಣ ಸೀಮೆ. ಹಾಗಾಗಿ ದಾವಣಗೆರೆಯ ಬಿಸಿಲು ಹಕ್ಕಿಗಳಿಗೆ ಒಗ್ಗುತ್ತದೆ. ಮೊಟ್ಟೆಗೆ ಮಾತ್ರ ಪೂರಾ ಒಣ ಗಾಳಿ ಆಗುವುದಿಲ್ಲ. ಈ ಸಲ ನನ್ನ ಗಮನವೆಲ್ಲ ಅದರ ಮೇಲೇ.

ಗಂಡು, ಹೆಣ್ಣು ನೋಡೋಕೆ ಒಂದೇ ಥರ. ಎರಡೂ ಹೆಣ್ಣಾದರೆ ಎರಡೂ ಮೊಟ್ಟೆ ಇಡುತ್ತವೆ, ಪೆಟ್ಟಿಗೆ ತುಂಬುತ್ತದೆ, ಒಂದೂ ಮರಿಯಾಗುವುದಿಲ್ಲ. ಅದಕ್ಕೇ ಪುಕ್ಕ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಯೇ ಜೋಡಿ ಮಾಡಿದ್ದು.

ಜನವರಿ ಕೊನೆ

ಹಸಿ ತೆಂಗಿನ ಗರಿ ಹಾಕಿದೆ. ಹೆಣ್ಣು ಗರಿಯ ಅಂಚಿಗುಂಟ ಹೊಲಿಗೆ ಮಷಿನ್ ಓಡಿದ ಹಾಗೆ ಒತ್ತೊತ್ತಾಗಿ ಕಚ್ಚುತ್ತಾ ಹೋಗುತ್ತದೆ. ಉದ್ದನೆಯ ಪಟ್ಟಿಯೊಂದು ಬಿಡುತ್ತದೆ. ಕತ್ತು ಹಿಂದಕ್ಕೆ ತಿರುಗಿಸಿ ಅದನ್ನು ಸೊಂಟದ ಪುಕ್ಕದೊಳಗೆ ಸಿಕ್ಕಿಸಿ, ಮೇಲಿಂದ ಪುಕ್ಕ ಅದುಮಿ, ಇನ್ನೊಂದು ಪಟ್ಟಿ ಕೀಳಲು ಶುರು. ಪೆಟ್ಟಿಗೆಗೆ ಹಾರುವಷ್ಟರಲ್ಲಿ ಕೆಲವು ಉದುರಿರುತ್ತವೆ. ಬೇಸರವೇ ಇಲ್ಲ, ಮತ್ತೆ ಬರುತ್ತದೆ.

ಫಿಷರ್ ಅನ್ನುವ ಇನ್ನೊಂದು ಲವ್ ಬರ್ಡ್ ಜಾತಿಯವು ಹೀಗಲ್ಲ, ಕೊಕ್ಕಿನಲ್ಲೇ ಒಯ್ಯುತ್ತವೆ. ಅಮೆರಿಕದ ವಿಜ್ಞಾನಿ ವಿಲಿಯಂ ಡಿಲ್ಗರ್ ಈ ಎರಡು ಜಾತಿ ಸೇರಿಸಿ ಮರಿ ಮಾಡಿಸಿ, ನೋಡಿದ್ದನ್ನು 1962ರಲ್ಲಿ ಬರೆದಿದ್ದಾರೆ. ಆ ಮರಿಗಳು ಪುಕ್ಕಕ್ಕೆ ಸಿಕ್ಕಿಸಲು ಹೋಗುತ್ತಿದ್ದವು, ಆಗುತ್ತಿರಲಿಲ್ಲ. ಕೊಕ್ಕಿನಲ್ಲಿ ಒಯ್ಯುವುದು ರೂಢಿಯಾಗಲು ವರ್ಷಗಳೇ ಬೇಕಾದವು. ಇಂಥ ಮಿಶ್ರಣ ಮಾಡಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದೇ ಇದನ್ನು ಓದಿದ ಮೇಲೆ.

ಫೆಬ್ರವರಿ ಶುರು

ಮೊದಲ ಮೊಟ್ಟೆ! ಇನ್ನು ದಿನ ಬಿಟ್ಟು ದಿನ ಒಂದೊಂದು ಬರುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು. ನವಣೆ, ಸಜ್ಜೆ ಜೊತೆಗೆ ನುಗ್ಗೆ ಸೊಪ್ಪು, ಬೇಯಿಸಿ ಚಿಪ್ಪು ಸಮೇತ ಪುಡಿ ಮಾಡಿದ ಕೋಳಿ ಮೊಟ್ಟೆ ಕೊಡುತ್ತಿದ್ದೇನೆ. ಕಟಲ್‌ಬೋನ್ (ಕ್ಯಾಲ್ಸಿಯಂ ಕೊಡುವ ಕಟಲ್ ಮೀನಿನ ಒಳಚಿಪ್ಪು) ಸದಾ ಇರಬೇಕು. ಕ್ಯಾಲ್ಸಿಯಂ ಕಮ್ಮಿಯಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಹೆಣ್ಣು ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ತಿಣುಕುತ್ತಾ ಕೂತರೆ ಮನೆಮದ್ದು ಬೇಡವೇ ಬೇಡ. ಬೆಚ್ಚಗಿಟ್ಟು ಕೂಡಲೇ ಡಾಕ್ಟರ್ ಹತ್ತಿರ ಓಡಬೇಕು.

ಫೆಬ್ರವರಿ ನಡುವೆ

ಹೆಣ್ಣು ಕಾವು ಕೂತಿದೆ. ಗಂಡು ತಿಂದು ಬಂದು ಅದರ ಬಾಯಿಗೆ ಕಕ್ಕಿ ಉಣಿಸುತ್ತದೆ. ಕಾವಿನ ಒಂದು ವಾರದ ಮೇಲೆ, ಹೆಣ್ಣು ಊಟಕ್ಕೆ ಹೊರಬಂದಾಗ, ಮೊಟ್ಟೆಯ ಹಿಂದೆ ಸಣ್ಣ ಟಾರ್ಚ್ ಹಿಡಿದೆ. ಕೆಂಪು ರಕ್ತನಾಳಗಳು ಜೇಡರ ಬಲೆಯಂತೆ ಹರಡಿವೆ, ನಡುವೆ ಒಂದು ಕಪ್ಪು ಚುಕ್ಕೆ, ಅದೇ ಬೆಳೆಯುತ್ತಿರುವ ಮರಿ. ಒಂದು ಮಾತ್ರ ತಿಳಿ ಹಳದಿ, ಖಾಲಿ. ಅದನ್ನೂ ತೆಗೆಯಲಿಲ್ಲ. ಉಳಿದ ಮೊಟ್ಟೆಗಳಿಗೆ, ಹುಟ್ಟಿದ ಮೇಲೆ ಮರಿಗಳಿಗೂ, ಒರಗೋಕೆ ಆಗುತ್ತದೆ.

ಬಡ್ಜಿ (ಇನ್ನೊಂದು ಪುಟ್ಟ ಗಿಣಿ) ಸಾಕಿದವರು 18 ದಿನದ ಲೆಕ್ಕ ಇಟ್ಟುಕೊಂಡಿರುತ್ತಾರೆ. ಲವ್ ಬರ್ಡ್‌ಗೆ ಸುಮಾರು 23 ದಿನ ಬೇಕು. ಅದೂ ಎರಡು ಮೂರು ಮೊಟ್ಟೆ ಆದಮೇಲೆ ಸರಿಯಾಗಿ ಕೂರುವುದೇ ಜಾಸ್ತಿ. ದಯವಿಟ್ಟು ಅವಸರಪಟ್ಟು ಮೊಟ್ಟೆ ಎಸೆಯಬೇಡಿ.

ಶಿವರಾತ್ರಿ ಹೊತ್ತಿಗೆ

ಚಳಿ ಶಿವ ಶಿವ ಅಂತ ಹೋಯಿತು. ಗಾಳಿ ಪೂರಾ ಒಣಗಿದೆ. ಈಗಲೇ ಚಿಪ್ಪಿನೊಳಗಿನ ಪೊರೆ ಒಣಗಿ, ಬಲಿತ ಮರಿಯೂ ಹೊರಬರಲಾಗದೆ ಸಾಯುವುದು. ಹಾಗಂತ ಮೊಟ್ಟೆಗೆ ನೀರು ಚಿಮುಕಿಸುವುದು ನನಗೆ ಸರಿ ಕಾಣುವುದಿಲ್ಲ. ಅಗಲ ತಟ್ಟೆಯಲ್ಲಿ ಸ್ನಾನದ ನೀರು ಇಡುತ್ತೇನೆ, ಹಸಿ ಗರಿ ಹಾಕುತ್ತೇನೆ. ಹೆಣ್ಣು ಹೊಟ್ಟೆ ಪುಕ್ಕ ನೆನೆಸಿಕೊಂಡು ನೇರ ಗೂಡಿಗೆ ಹೋಗುತ್ತದೆ. ಎಷ್ಟು ತೇವ ಬೇಕೋ ಅದಕ್ಕೇ ಗೊತ್ತು.

ಈ ವಾರ

ಮರಿಗಳು ಬಂದಿವೆ, ಒಂದರ ಹಿಂದೆ ಒಂದು! ಮೈಮೇಲೆ ನಸುಗೆಂಪು ತುಪ್ಪಟ, ಕಣ್ಣು ಮುಚ್ಚಿದೆ. ಹುಟ್ಟಿನಲ್ಲಿ ದಿನಗಳ ಅಂತರ ಇರುವುದರಿಂದ ದೊಡ್ಡದರ ಪಕ್ಕ ಚಿಕ್ಕದು ತೀರಾ ಚಿಕ್ಕದು. ದಿನಾ ಅದರ ಕುತ್ತಿಗೆ ಬುಡದ ಊಟದ ಚೀಲ ತುಂಬಿದೆಯಾ ಅಂತ ಮೊದಲು ನೋಡುತ್ತೇನೆ. ಇವತ್ತು ತುಂಬಿತ್ತು.

ಗೂಡು ಬಿಡಲು ಇನ್ನೂ ಸುಮಾರು ಆರು ವಾರ ಬೇಕು. ಅವು ತಾವಾಗಿ ತಿನ್ನಲು ಕಲಿತ ಮೇಲೆ ಪೆಟ್ಟಿಗೆ ತೆಗೆದಿಡುತ್ತೇನೆ. ಈ ಬೇಸಿಗೆಯಲ್ಲಿ ಇನ್ನೊಂದು ಸಲ ಮೊಟ್ಟೆ ಇಡಿಸುವುದಿಲ್ಲ. ಹೆಣ್ಣಿಗೆ ಮಳೆಗಾಲದವರೆಗೆ ರಜೆ.