ನಿಮಗೆ ಈಜು ಬರುತ್ತಾ?

ನಾವು ದೋಣಿ ಕೊಂಡಿದ್ದೇವೆ ಅಂತ ಗೊತ್ತಾದ ಕೂಡಲೇ ಬೆಂಗಳೂರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಬೆಲೆ ಎಷ್ಟು ಅನ್ನೋದು ಎರಡನೆಯದು. ಮದುವೆ ಮನೆ, ಲಿಫ್ಟು, ತರಕಾರಿ ಅಂಗಡಿ, ಎಲ್ಲಿ ಸಿಕ್ಕರೂ ಇದೇ. ನಮ್ಮ ಅತ್ತೆಯಂತೂ ನಾವು ರೈಲು ಹತ್ತುವ ಮುಂಚೆ ಪ್ರತಿ ಸಲ ಫೋನ್ ಮಾಡಿ ಕೇಳುತ್ತಾರೆ. ಹೋದ ತಿಂಗಳಿಂದ ಈ ತಿಂಗಳಿಗೆ ನಾನು ಈಜು ಮರೆತಿರಬಹುದು ಅನ್ನುವ ಹಾಗೆ.

ಚಿಕ್ಕ ಉತ್ತರ: ನನಗೆ ಬರುತ್ತೆ, ಇವರಿಗೆ ಬರಲ್ಲ. ಇಷ್ಟು ಹೇಳಿದಾಗ ಕೇಳಿದವರ ಮುಖ ನೋಡಬೇಕು! ಅದಕ್ಕೇ ಉದ್ದದ ಉತ್ತರವನ್ನೂ ಒಂದು ಸಲ ಬರೆದಿಡೋಣ ಅನ್ನಿಸಿತು.

ಮೊದಲು ದೋಣಿಯ ವಿಷಯ. ಇದು 28 ಅಡಿ ಉದ್ದದ, ಫೈಬರ್‌ಗ್ಲಾಸಿನ ಹಾಯಿದೋಣಿ. ಸೆಕೆಂಡ್ ಹ್ಯಾಂಡ್. ಒಳಗೆ ಇಬ್ಬರು ಕಾಲು ಚಾಚಿ ಮಲಗಬಹುದು. ಎರಡು ಬರ್ನರಿನ ಒಲೆ ಇದೆ, ನಮ್ಮ ಮನೆಯ ಪೂಜಾ ಕೋಣೆಗಿಂತ ಚಿಕ್ಕದಾದ ಬಚ್ಚಲಿದೆ, ಗಾಳಿ ಇಲ್ಲದಾಗ ಓಡಿಸಲು ಪುಟ್ಟ ಡೀಸೆಲ್ ಎಂಜಿನ್ ಇದೆ. ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರುವ ಊರಿನವರು ನಾವು. ದೋಣಿ ಇರುವುದು ಕೊಚ್ಚಿಯಲ್ಲಿ, ಬೋಳ್ಗಾಟಿ ದ್ವೀಪದ ಮರೀನಾದಲ್ಲಿ, ಅಂದರೆ ದೋಣಿ ನಿಲ್ದಾಣದಲ್ಲಿ. ಶುಕ್ರವಾರ ರಾತ್ರಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಅಂತ ಜನ ಕರೆಯುವ ಕನ್ಯಾಕುಮಾರಿ ರೈಲು ಹತ್ತಿದರೆ ಶನಿವಾರ ಬೆಳಗ್ಗೆ ಎರ್ನಾಕುಲಂ. ನವೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ನಮ್ಮಂಥವರದ್ದಲ್ಲ. ಆಗ ದೋಣಿಗೆ ಎರಡೆರಡು ಹಗ್ಗ ಕಟ್ಟಿ, ಮನೆಯಲ್ಲಿ ಕೂತು ಗಂಟು ಹಾಕುವುದನ್ನು ಅಭ್ಯಾಸ ಮಾಡುತ್ತೇವೆ. ಬೋಲೈನ್ ಅಂತ ಒಂದು ಗಂಟಿದೆ, ಎಷ್ಟು ಎಳೆದರೂ ಜೀರದ ಕುಣಿಕೆ. ಅದನ್ನು ಕಲಿಯಲು ನಾನು ಕಿಟಕಿ ಸರಳಿನ ಮುಂದೆ ಎರಡು ದಿನ ಒದ್ದಾಡಿದೆ. ಅತ್ತೆ ನೋಡಿದವರೇ ಹಗ್ಗ ಕಿತ್ತುಕೊಂಡು, 'ಬಾವಿ ಕೊಡಕ್ಕೆ ಕಟ್ಟಲ್ವಾ, ಅದೇ ತಾನೇ?' ಅಂತ ಕಟ್ಟಿ ತೋರಿಸಿದರು. ಅದೇ ಆಗಿತ್ತು.

ಈಗ ಈಜಿಗೆ ಬರೋಣ. ನಮ್ಮ ದೋಣಿ ಒಳ್ಳೆಯ ಗಾಳಿ ಇದ್ದಾಗ ಐದು ನಾಟ್ ವೇಗದಲ್ಲಿ ಹೋಗುತ್ತೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಐದು ನಾಟ್ ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ಸಂಜೆ ಹೊತ್ತು ಸಿಲ್ಕ್ ಬೋರ್ಡ್ ಕಡೆ ಆಟೊ ಹೋಗುತ್ತಲ್ಲ, ಹೆಚ್ಚುಕಡಿಮೆ ಅಷ್ಟೇ. ಕೇಳಿದವರು ನಗುತ್ತಾರೆ. ಆದರೆ 2009ರಲ್ಲಿ ಬ್ರೆಜಿಲ್‌ನ ಸೀಸರ್ ಸಿಯೆಲೊ 50 ಮೀಟರ್ ಈಜನ್ನು 20.91 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಲೆಕ್ಕ ಹಾಕಿ ನೋಡಿ, ಐದು ನಾಟ್‌ಗಿಂತ ಕಡಿಮೆ ಬರುತ್ತೆ. ಅಂದರೆ ಸಿಯೆಲೊ ಅವರೇ ನಮ್ಮ ದೋಣಿಯಿಂದ ನೀರಿಗೆ ಬಿದ್ದರೂ, ಈಜಿ ಬಂದು ದೋಣಿ ಹಿಡಿಯಲು ಆಗಲ್ಲ. ನಾನು ಕಾಲೇಜಿನಲ್ಲಿ ಗೆದ್ದ ಕಂಚಿನ ಪದಕ ಯಾವ ಲೆಕ್ಕ?

ಒಂದು ನಿಮಿಷಕ್ಕೆ ದೋಣಿ 150 ಮೀಟರ್ ಮುಂದೆ ಹೋಗಿರುತ್ತೆ. ಬಿದ್ದವರ ತಲೆ ಮಾತ್ರ ನೀರಿನ ಮೇಲೆ. ಒಂದು ತೆಂಗಿನಕಾಯಿಯಷ್ಟು. ಮೀಟರ್ ಎತ್ತರದ ಅಲೆಗಳ ನಡುವೆ ಅದು ಒಮ್ಮೆ ಕಂಡು ಹತ್ತು ಸಲ ಮರೆಯಾಗುತ್ತೆ. ಕೊಚ್ಚಿಯ ಕಡೆ ನೀರು ಬೆಚ್ಚಗಿರುತ್ತೆ, ಚಳಿಗೆ ಯಾರೂ ಬೇಗ ಸಾಯಲ್ಲ. ಕಾಣಿಸದೇ ಹೋಗುವುದೇ ಭಯ.

ಎರಿಕ್ ತಬಾರ್ಲಿ ಅಂತ ಫ್ರಾನ್ಸಿನ ನಾವಿಕರಿದ್ದರು. ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ದಾಟುವ ರೇಸನ್ನು ಎರಡು ಸಲ ಗೆದ್ದವರು. 1998ರ ಜೂನ್‌ನಲ್ಲಿ, ಒಂದು ರಾತ್ರಿ, ವೇಲ್ಸ್ ಹತ್ತಿರ ತಮ್ಮದೇ ಹಳೆಯ ದೋಣಿಯಿಂದ ನೀರಿಗೆ ಬಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿರಲಿಲ್ಲ. ದೋಣಿಯಲ್ಲಿ ಬೇರೆಯವರು ಇದ್ದರು. ಆದರೂ ಸಿಗಲಿಲ್ಲ. ಈ ಕಥೆ ಓದಿದ ಮೇಲೆ ನಮ್ಮ ದೋಣಿಯಲ್ಲಿ ಒಂದು ಪದ್ಧತಿ ಬಂತು. ಮುಂದಿನ ತುದಿಯಿಂದ ಹಿಂದಿನ ತುದಿಯವರೆಗೆ ಒಂದು ಗಟ್ಟಿ ಪಟ್ಟಿ ಕಟ್ಟಿರುತ್ತೇವೆ. ಮೈಮೇಲಿನ ಬೆಲ್ಟಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸದೆ ಯಾರೂ ಮುಂದಕ್ಕೆ ಹೋಗುವ ಹಾಗಿಲ್ಲ. ಕಟ್ಟಿಹಾಕಿದ ಹಸುವಿನ ಹಾಗೆ ಇರುತ್ತೆ. ಇರಲಿ.

ಹಾಗಾಗಿ ಈಜಿನ ಪ್ರಶ್ನೆಯನ್ನು ನಾವಿಬ್ಬರೂ ಬೇರೆ ಥರ ಕೇಳಿಕೊಳ್ಳಬೇಕಾಯಿತು: ಒಬ್ಬರು ಬಿದ್ದರೆ, ಉಳಿದ ಒಬ್ಬರಿಗೆ ದೋಣಿ ನಡೆಸಲು ಬರುತ್ತಾ?

ಮೊದಲ ವರ್ಷ ಇದಕ್ಕೆ ನಿಜವಾದ ಉತ್ತರ, ಬರಲ್ಲ. ಅಂದರೆ ನನಗೆ ಬರುತ್ತಿರಲಿಲ್ಲ. ಇಬ್ಬರೂ ಗೋವಾದಲ್ಲಿ ಒಂದೇ ತರಬೇತಿಗೆ ಹೋಗಿದ್ದೆವು. ಆದರೆ ದೋಣಿಗೆ ಹತ್ತಿದ ಮೊದಲ ದಿನವೇ ನಾವು ನಮ್ಮ ಕಾರಿನ ಹಾಗೆ ಕೂತುಬಿಟ್ಟೆವು. ಕಾರಿನಲ್ಲಿ ಇವರು ಓಡಿಸುತ್ತಾರೆ. ನಾನು ಮಜ್ಜಿಗೆ ಬಾಟಲಿ ಕೊಡುತ್ತೇನೆ, ಮ್ಯಾಪ್ ನೋಡುತ್ತೇನೆ, 'ನಿಧಾನ' ಅನ್ನುತ್ತೇನೆ. ದೋಣಿಯಲ್ಲೂ ಇವರದ್ದು ಚುಕ್ಕಾಣಿ, ಎಂಜಿನ್, ರೇಡಿಯೊ. ನನ್ನದು ಅವಲಕ್ಕಿ. ಯಾರೂ ಹೀಗೇ ಇರಬೇಕು ಅಂತ ಹೇಳಿರಲಿಲ್ಲ. ಇಪ್ಪತ್ತಮೂರು ವರ್ಷದ ಸಂಸಾರ ತಾನಾಗಿ ಬಂದು ದೋಣಿಯಲ್ಲಿ ಕೂತಿತ್ತು, ಅಷ್ಟೇ.

ಅದು ಕಳಚಿದ್ದು ಒಂದು ಫೆಬ್ರುವರಿ ಮಧ್ಯಾಹ್ನ. ಆ ಕಾಲದಲ್ಲಿ ಬೆಳಗ್ಗೆ ಭೂಮಿಯ ಕಡೆಯಿಂದ ಸಮುದ್ರಕ್ಕೆ ತೆಳುವಾದ ಗಾಳಿ ಬೀಸುತ್ತೆ, ಸುಮ್ನೆ ತೇಲಿಕೊಂಡು ಹೊರಗೆ ಹೋಗಬಹುದು. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಜೋರಾಗಿ ಬರುತ್ತೆ. ಆ ದಿನ ನಿರೀಕ್ಷೆಗಿಂತ ಜಾಸ್ತಿ ಬಂತು. ಇವರು ಏನೋ ಹುಡುಕಲು ಒಳಗೆ ಹೋಗಿ, ಎಂಜಿನ್ ಪೆಟ್ಟಿಗೆಯೊಳಗೆ ತಲೆ ಹಾಕಿ, ಡೀಸೆಲ್ ವಾಸನೆ ಕುಡಿದು ಮೇಲೆ ಬಂದರು. ಮುಖ ಹಸಿರು. ಆಮೇಲೆ ಎರಡು ಗಂಟೆ ಬಕೆಟ್ ಬಿಟ್ಟು ತಲೆ ಎತ್ತಲಿಲ್ಲ. ಕಡಲ ಕಾಯಿಲೆ ಬಂದವರಿಗೆ ದೋಣಿ ಮುಳುಗಿದರೂ ಪರವಾಗಿಲ್ಲ ಅನ್ನಿಸುತ್ತಂತೆ. ಇವರನ್ನು ನೋಡಿದ ಮೇಲೆ ನಂಬುತ್ತೇನೆ.

ಚುಕ್ಕಾಣಿ ನನ್ನ ಕೈಯಲ್ಲಿ. ಎರಡೂ ಹಾಯಿ ಮೇಲಿವೆ. ಎದುರಿಗೆ ಫೋರ್ಟ್ ಕೊಚ್ಚಿ ಮತ್ತು ವೈಪಿನ್ ನಡುವಿನ ಅಳಿವೆ. ವಲ್ಲಾರ್‌ಪಾಡಂ ಟರ್ಮಿನಲ್‌ಗೆ ಕಂಟೇನರ್ ಹಡಗುಗಳು ಬರುವುದೂ ಅದೇ ದಾರಿಯಲ್ಲಿ. ಅಷ್ಟು ದೊಡ್ಡ ಹಡಗು ನಮಗಾಗಿ ಪಕ್ಕಕ್ಕೆ ಸರಿಯಲ್ಲ, ಸರಿಯಲು ಅದಕ್ಕೆ ಆಗುವುದೂ ಇಲ್ಲ. ಮುಂದಿನ ಹಾಯಿಯನ್ನು ಸುತ್ತಿದೆ, ಅಷ್ಟು ನನಗೆ ಬರುತ್ತಿತ್ತು. ಎಂಜಿನ್ ಕೀಲಿ ತಿರುಗಿಸಿದೆ. ಗರಗರ ಅನ್ನುತ್ತೆ, ಹತ್ತಿಕೊಳ್ಳಲ್ಲ. ಮತ್ತೆ ತಿರುಗಿಸಿದೆ. ಮತ್ತೆ ಗರಗರ. 'ರೀ!' ಅಂದೆ. ಬಕೆಟ್‌ನಿಂದ ಉತ್ತರ ಬರಲಿಲ್ಲ. ಕೊನೆಗೆ ಒಂದು ಕೈ ಮೇಲೆದ್ದು ಮೂಲೆಯಲ್ಲಿದ್ದ ಕೆಂಪು ಹಿಡಿಯನ್ನು ತೋರಿಸಿತು. ಈ ಥರದ ಡೀಸೆಲ್ ಎಂಜಿನ್ ನಿಲ್ಲಿಸಲು ಒಂದು ಹಿಡಿ ಎಳೆಯಬೇಕು. ಎಳೆದದ್ದನ್ನು ವಾಪಸ್ ಒಳಗೆ ತಳ್ಳದಿದ್ದರೆ ಡೀಸೆಲ್ ಹರಿಯಲ್ಲ, ಎಂಜಿನ್ ಹತ್ತಿಕೊಳ್ಳಲ್ಲ. ಒಂದು ವರ್ಷದಿಂದ ಆ ಹಿಡಿ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅದರ ಮೇಲೆ ನಾನು ಟವೆಲ್ ಒಣಗಿಸುತ್ತಿದ್ದೆ.

ಸೇರಿದೆವು ಬಿಡಿ. ಮರೀನಾದಲ್ಲಿ ದೋಣಿ ನಿಲ್ಲಿಸುವಾಗ ಪಕ್ಕದ ಕಟ್ಟೆಗೆ ಗುದ್ದಿ ಒಂದು ಅಂಗೈ ಅಗಲದ ಬಣ್ಣ ಹೋಯಿತು. ವಾಪಸ್ ರೈಲಿನಲ್ಲಿ ನಾನು ಕೇಳಿದೆ: 'ನೀವು ಬರೀ ವಾಂತಿ ಮಾಡಿದ್ರಿ. ನೀರಿಗೆ ಬಿದ್ದಿದ್ರೆ? ಆ ಕೈ ತೋರಿಸೋಕೆ ಯಾರಿರ್ತಿದ್ರು?' ಪಾಲಕ್ಕಾಡ್ ದಾಟುವವರೆಗೂ ಇವರು ಮಾತಾಡಲಿಲ್ಲ.

ಆಮೇಲಿಂದ ಶನಿವಾರ ನಾನು ಕ್ಯಾಪ್ಟನ್, ಭಾನುವಾರ ಇವರು. ಕ್ಯಾಪ್ಟನ್ ಕೇಳದೆ ಇನ್ನೊಬ್ಬರು ಸಲಹೆ ಕೊಡುವ ಹಾಗಿಲ್ಲ. ಹೇಳಲು ಸುಲಭ. ನಾನು ಲಂಗರು ಹಾಕುವುದನ್ನು ನೋಡುತ್ತಾ ಬಾಯಿ ಮುಚ್ಚಿ ಕೂರುವುದು ಇವರಿಗೆ ಸಮುದ್ರದ ಎಲ್ಲ ವಿದ್ಯೆಗಿಂತ ಕಷ್ಟವಾಯಿತು.

ಇನ್ನೊಂದು ತೊಂದರೆ ಇತ್ತು, ಅದನ್ನು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ನಮ್ಮ ಮಾತು. ಮನೆಯಲ್ಲಿ 'ಅದನ್ನ ಅಲ್ಲಿಡಿ' ಅಂದರೆ ಸಾಕು, ಯಾವುದು, ಎಲ್ಲಿ, ಇಬ್ಬರಿಗೂ ಗೊತ್ತು. ದೋಣಿಯಲ್ಲಿ 'ಆ ಹಗ್ಗ ಎಳಿ' ಅಂದರೆ ಹನ್ನೊಂದು ಹಗ್ಗಗಳಿವೆ. ಒಬ್ಬರು ಮುಂದೆ ನೋಡುತ್ತಿರುತ್ತಾರೆ, ಇನ್ನೊಬ್ಬರು ಹಿಂದೆ, ನನ್ನ ಎಡ ಇವರ ಬಲ. ಅದಕ್ಕೇ ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್ ಅಂತ ಹೆಸರು: ನೀವು ಯಾವ ಕಡೆ ತಿರುಗಿದರೂ ದೋಣಿಯ ಎಡ ದೋಣಿಯದೇ. ಹಾಯಿ ಏರಿಸುವ ಹಗ್ಗ ಹ್ಯಾಲ್ಯಾರ್ಡ್, ಬಿಗಿ ಸಡಿಲ ಮಾಡುವ ಹಗ್ಗ ಶೀಟ್. ಇದೆಲ್ಲ ಸುಮ್ನೆ ಜಂಬದ ಪದಗಳು ಅಂದುಕೊಂಡಿದ್ದೆ, ಅಲ್ಲ. ಇನ್ನು 'ರೀ' ಅನ್ನುವುದು ಗಾಳಿಯಲ್ಲಿ ಎರಡಡಿ ದಾಟಲ್ಲ. ಮದುವೆಯಾದ ಮೇಲೆ ಮೊದಲ ಸಲ ಇವರನ್ನು ಹೆಸರು ಹಿಡಿದು ಕೂಗಿದ್ದು ಕೊಚ್ಚಿಯ ಅಳಿವೆಯಲ್ಲಿ. ಅತ್ತೆಗೆ ಹೇಳಿಲ್ಲ.

ಬಿದ್ದವರನ್ನು ಎತ್ತುವ ಅಭ್ಯಾಸಕ್ಕೆ ತೆಂಗಿನಕಾಯಿ ಬಳಸುತ್ತೇವೆ. ಸಿಪ್ಪೆ ಸುಲಿಯದ್ದು, ಚೆನ್ನಾಗಿ ತೇಲುತ್ತೆ. ಒಬ್ಬರು ಹೇಳದೆ ಕೇಳದೆ ಅದನ್ನು ನೀರಿಗೆ ಎಸೆದು ಸುಮ್ಮನೆ ಕೂರುತ್ತಾರೆ. ಅವರು ಆ ಕ್ಷಣದಿಂದ ದೋಣಿಯಲ್ಲಿಲ್ಲ. ಉಳಿದವರು ಜಿಪಿಎಸ್‌ನ ಬಟನ್ ಒತ್ತಿ ಜಾಗ ಗುರುತು ಮಾಡಬೇಕು, ತೇಲುವ ಬಳೆ ಎಸೆಯಬೇಕು, ತಕ್ಷಣ ದೋಣಿಯ ಮೂತಿಯನ್ನು ಗಾಳಿಗೆ ಅಡ್ಡ ದಾಟಿಸಬೇಕು. ಆಗ ಮುಂದಿನ ಹಾಯಿಯ ಹಗ್ಗ ಮಾತ್ರ ಬಿಡಬಾರದು. ಹಾಯಿ ಉಲ್ಟಾ ಗಾಳಿ ತುಂಬಿಕೊಂಡು ದೋಣಿಯನ್ನು ತಡೆಯುತ್ತೆ. ಓಡುವ ದೋಣಿ ಹೆಚ್ಚುಕಡಿಮೆ ನಿಂತೇಬಿಡುತ್ತೆ. ಮೊದಲ ಸಲ ಇದನ್ನು ಮಾಡಿದಾಗ ಮಂತ್ರ ಹಾಕಿದ ಹಾಗಿತ್ತು. ಎಂಜಿನ್ ಹಾಕುವ ಮುಂಚೆ ನೀರಿನಲ್ಲಿ ಯಾವ ಹಗ್ಗವೂ ಇಳಿಬಿದ್ದಿಲ್ಲ ಅಂತ ನೋಡಬೇಕು, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಕಥೆ ಮುಗಿಯಿತು. ಇಷ್ಟೆಲ್ಲ ಮಾಡುವಾಗ ಕಣ್ಣು ಕಾಯಿಯ ಮೇಲೆಯೇ ಇರಬೇಕು.

ನನ್ನ ಮೊದಲ ಕಾಯಿ ಸಿಗಲೇ ಇಲ್ಲ. ಲಕ್ಷದ್ವೀಪದಲ್ಲಿ ಮೊಳಕೆ ಬಂದಿರಬಹುದು. ಎರಡನೆಯದಕ್ಕೆ 21 ನಿಮಿಷ. ಈಗ ಅಲೆ ಕಡಿಮೆ ಇದ್ದರೆ ಐದಾರು ನಿಮಿಷ. ಇವರದ್ದು ಏಳು. ಈ ವಿಷಯವನ್ನು ನಾನು ನೆಂಟರ ಮುಂದೆ ಆಗಾಗ ಹೇಳುತ್ತೇನೆ.

ಕಾಯಿಯನ್ನೇನೋ ಎತ್ತಬಹುದು. ಇವರು 84 ಕೆಜಿ, ನಾನು 56. ನೀರಿನಿಂದ ದೋಣಿಯ ಅಂಚು ಒಂದು ಮೀಟರ್ ಎತ್ತರ. ಕೈ ಹಿಡಿದು ಎಳೆಯುತ್ತೇನೆ ಅನ್ನುವುದು ಸಿನಿಮಾದಲ್ಲಿ ಮಾತ್ರ. ಇವರ ಬೆಲ್ಟಿಗೆ ಹ್ಯಾಲ್ಯಾರ್ಡ್ ಸಿಕ್ಕಿಸಿ, ಹಗ್ಗ ಎಳೆಯುವ ರಾಟೆ ಇದೆಯಲ್ಲ, ವಿಂಚ್, ಅದನ್ನು ತಿರುಗಿಸಿ, ಹಾಯಿ ಏರಿಸುವ ಹಾಗೆ ಗಂಡನನ್ನು ಏರಿಸಬೇಕು. ಮರೀನಾದಲ್ಲೇ ಪ್ರಯೋಗ ಮಾಡಿದೆವು. ಲೈಫ್ ಜಾಕೆಟ್ ಹಾಕಿಕೊಂಡು, ಅಂತರಗಂಗೆ ತೇಲುವ ಆ ನೀರಿಗೆ ಇವರು ಇಳಿದರು. ಪ್ರಜ್ಞೆ ತಪ್ಪಿದವರ ಹಾಗೆ ಇರಬೇಕು ಅಂತ ಮಾತಾಗಿತ್ತು. ಆದರೆ ಮೇಲೆ ಬರುತ್ತಿದ್ದ ಹಾಗೆ ಕಾಲು ಕೊಟ್ಟು ಹತ್ತಲು ನೋಡುತ್ತಿದ್ದಾರೆ. 'ಸಹಾಯ ಮಾಡಬೇಡ್ರೀ!' ಅಂತ ನಾನು ಕೂಗುತ್ತಿದ್ದೆ. ಪಕ್ಕದ ದೋಣಿ ತೊಳೆಯುತ್ತಿದ್ದ ಚೇಟ್ಟನ್ ಪೈಪು ನಿಲ್ಲಿಸಿ, ನಲ್ಲಿಯನ್ನೂ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಕೂತರು. ಹದಿನಾಲ್ಕು ನಿಮಿಷಕ್ಕೆ ಇವರು ಡೆಕ್ಕಿನ ಮೇಲೆ ಬಿದ್ದರು.

ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ತಾರಿಣಿ ಅನ್ನುವ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಭೂಮಿ ಸುತ್ತಿ, 2025ರ ಮೇ 29ಕ್ಕೆ ವಾಪಸ್ ಬಂದರು. ಆ ಸುದ್ದಿ ಬಂದಾಗ ಎಲ್ಲರೂ ದೂರದ ಬಗ್ಗೆ ಮಾತಾಡಿದರು. ನಾನು ಯೋಚಿಸಿದ್ದು ನಿದ್ದೆಯ ಬಗ್ಗೆ. ಇಬ್ಬರೇ ಇದ್ದರೆ, ಒಬ್ಬರು ಮಲಗಿದಾಗ ಇನ್ನೊಬ್ಬರು ಒಂಟಿ. ಮೇಲಿರುವವರನ್ನು ನಂಬದಿದ್ದರೆ ಕೆಳಗಿರುವವರಿಗೆ ನಿದ್ದೆ ಬರುತ್ತಾ? ಕಳೆದ ಜನವರಿಯಲ್ಲಿ ನಾವು ಮೊದಲ ಸಲ ರಾತ್ರಿ ದೋಣಿ ನಡೆಸಿದೆವು. ನನ್ನ ಪಾಳಿ ಎರಡರಿಂದ ಐದು. ಕೆಳಗಿನಿಂದ ಇವರ ಗೊರಕೆ ಕೇಳಿಸುತ್ತಿತ್ತು. ಮನೆಯಲ್ಲಾದರೆ ಒದ್ದು ಏಳಿಸುತ್ತಿದ್ದೆ.

ಹಾಗಂತ ಇವರು ಈಜು ಕಲಿಯುವುದು ಬೇಡವೇ? ಬೇಕು. ತೇಲುವ ಅಭ್ಯಾಸ ಇದ್ದವರು ನೀರಿಗೆ ಬಿದ್ದಾಗ ಗಾಬರಿಯಾಗಿ ನೀರು ಕುಡಿಯುವುದು ಕಡಿಮೆ. ಈ ಬೇಸಿಗೆಯಿಂದ ಬಸವನಗುಡಿಯ ಈಜುಕೊಳಕ್ಕೆ ಬೆಳಗ್ಗೆ ಆರಕ್ಕೆ ಹೋಗುತ್ತಿದ್ದಾರೆ. ಜೊತೆಗೆ ಕಲಿಯುವವರೆಲ್ಲ ಆರೇಳು ವರ್ಷದ ಮಕ್ಕಳು. ಅವರು ಇವರನ್ನು ತಾತ ಅನ್ನುತ್ತಾರೆ, ಇವರಿಗೆ ಬೇಜಾರು. ಮೊದಲ ದಿನ ಕೋಚ್ ಕೇಳಿದರಂತೆ, 'ಈ ವಯಸ್ಸಲ್ಲಿ ಯಾಕೆ ಸಾರ್, ಡಾಕ್ಟರ್ ಹೇಳಿದ್ರಾ?'

'ಇಲ್ಲ, ದೋಣಿ ತಗೊಂಡಿದೀವಿ.'

ಕೋಚ್ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರಂತೆ, 'ಹಲಸೂರು ಕೆರೇಲಾ?'