ಬಿದಿರು ಉಜ್ಜಿ ಹೊತ್ತಿದ್ದಲ್ಲ

ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತೆ ಅನ್ನೋ ಮಾತು ಇನ್ನೂ ಚಾಲ್ತಿಯಲ್ಲಿದೆ, ಪಾಪದ ಬಿದಿರು! ನಮ್ಮ ಕಡೆಯ ಕಾಡ್ಗಿಚ್ಚು ಹೆಚ್ಚುಕಡಿಮೆ ಎಲ್ಲವೂ ಮನುಷ್ಯನದ್ದೇ: ಆರಿಸದ ಬೀಡಿ ತುಂಡು, ಹೊಸ ಹುಲ್ಲು ಚಿಗುರಲಿ ಅಂತ ಗೀರಿದ ಕಡ್ಡಿ, ಹೊಲದ ಬದುವಿನಲ್ಲಿ ಸುಟ್ಟ ಕಸ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿತು. ಅಲ್ಲಿ ದಟ್ಟವಾಗಿ ಹಬ್ಬಿರುವ ಲಂಟಾನ ಒಣಗಿದರೆ, ನೆಲದ ಬೆಂಕಿ ಕೊಂಬೆಗೆ ಏರಲು ಅದೇ ಏಣಿ.

ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಕಾಡಿನಲ್ಲಿ ತೆರವು ಮಾಡುವ ಪಟ್ಟಿ, ಬೇಸಿಗೆಗೆ ಮುಂಚಿನ ಕೆಲಸ. ಹುಲ್ಲು, ಪೊದೆ ಕೊಚ್ಚಿ, ರೇಖೆಯ ನಡುವಿಗೆ ಎಳೆದು ಒಣಗಿಸಿ, ಗಾಳಿ ಇಲ್ಲದ ಹೊತ್ತಲ್ಲಿ ಕಾವಲಿಟ್ಟು ಸುಡಬೇಕು. ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳುವಲ್ಲೇ ಎಡವಟ್ಟು. ಫೆಬ್ರವರಿ ಹೊತ್ತಿಗೆ ತರಗೆಲೆ ಉದುರಿ ರೇಖೆ ಮತ್ತೆ ತುಂಬಿರುತ್ತೆ. ಗುಡಿಸದಿದ್ದರೆ ಬೆಂಕಿ ಸಲೀಸಾಗಿ ದಾಟುತ್ತೆ.

ಕಾಡಂಚಿನ ಹೊಲದವರು ಕೂಳೆ ಸುಡದೆ ಉತ್ತು ಮಣ್ಣಿಗೆ ಸೇರಿಸೋದೇ ಒಳ್ಳೇದು. ಕಸ ಸುಡಲೇಬೇಕಾದರೆ ಸುತ್ತ ಅಗಲಕ್ಕೆ ಉತ್ತು, ಬೆಳಗಿನ ಇಬ್ಬನಿ ಆರುವ ಮುಂಚೆ ಸುಡಿ. ಆಮೇಲೆ ಕೆಂಡದ ಮೇಲೆ ಬರೀ ಮಣ್ಣು ಮುಚ್ಚಿ ಬರಬೇಡಿ, ಒಳಗೇ ಕಾದುಕೊಂಡಿರುತ್ತೆ. ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ. ಅಂಗೈ ಹಿಂಭಾಗ ಹತ್ತಿರ ಹಿಡಿದಾಗ ಕಾವು ತಟ್ಟಿದರೆ ಇನ್ನೊಂದು ಕೊಡ ಬೇಕು.