ರೋಡ್‌ಕಿಂಗ್ ಕೆಲಸ: ಬಣ್ಣ ಹೊಡೆಸೋದಾ, ಹಾಗೇ ಬಿಡೋದಾ?

ಜೂನ್ ಮೊದಲ ವಾರ

ಪಿಸ್ಟನ್ ಅಲುಗಾಡಿತು. ನನ್ನ ಹಳೇ ಬೈಕಿನ ಜಾಮ್ ಆಗಿದ್ದ ಇಂಜಿನ್ನಿಗೆ ಪ್ಲಗ್ ತೂತಿನಿಂದ ಡೀಸೆಲ್ಲು, 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಬೆರೆಸಿ ಹಾಕಿ ಬಿಟ್ಟಿದ್ದೆ. ಇವತ್ತು ಗೇರಿಗೆ ಹಾಕಿ ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಿದಾಗ ಕ್ರ್ಯಾಂಕ್ ಕೂಡ ತಿರುಗಿತು. ಇಂಥ ಹೊತ್ತಲ್ಲಿ ಕಿಕ್ ಒದೆಯುವ ಆಸೆ ಬರುತ್ತದೆ. ಒದೆಯಬಾರದು. ರಿಂಗು ಅಂಟಿಕೊಂಡಿದ್ದರೆ ಸಿಲಿಂಡರ್ ಗೀರಿ ಹೋಗುತ್ತದೆ.

ಗಾಡಿ 1986ರ ಯೆಜ್ಡಿ ರೋಡ್‌ಕಿಂಗ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡಿದ್ದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒದೆಯಬೇಕು. ಆಮೇಲೆ ಮುಂದಕ್ಕೆ ತಂದರೆ ಅದೇ ಗೇರ್ ಲಿವರ್. ಗೊತ್ತಿಲ್ಲದವರು ಕಿಕ್ಕರ್ ಹುಡುಕಿಕೊಂಡು ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು. ಬೀಗಕ್ಕಿಂತ ಅದೇ ಒಳ್ಳೆ ಕಾವಲು.

ಮದುವೆ, ಮಕ್ಕಳು, ಟ್ರಾನ್ಸ್‌ಫರ್ ಅಂತ ಗಾಡಿ ಊರಿನ ಕೊಟ್ಟಿಗೆ ಸೇರಿತು. ಈಗ ರಿಟೈರ್ ಆಗಿದ್ದೇನೆ, ಹೊರಗೆ ತೆಗೆದಿದ್ದೇನೆ.

ಜೂನ್ ಕೊನೆ

ಮನೆಗೆ ಬಂದವರೆಲ್ಲ ಕೇಳುವುದು ಒಂದೇ, "ಯಾವಾಗ ಪೇಂಟಿಂಗ್?" ಭಾವಮೈದ ತನ್ನ ಜಾವಾವನ್ನು ಪೂರ್ತಿ ಬಿಚ್ಚಿಸಿ ಹೊಸದು ಮಾಡಿಸಿದ್ದಾನೆ. ಫ್ರೇಮಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಕಾಯಿಸಿ ಹಿಡಿಸುವುದು), ಎಲ್ಲದಕ್ಕೂ ಹೊಸ ಕ್ರೋಮ್. ಫಳಫಳ ಅನ್ನುತ್ತದೆ, ಸುಳ್ಳು ಹೇಳಲ್ಲ. ಆದರೆ ಮೋಡ ಕಂಡರೆ ಗಾಡಿಗೆ ಹೊದಿಕೆ ಹಾಕಿಬಿಡುತ್ತಾನೆ. "ಭಾವ, ನೀವೂ ಮಾಡಿಸಿ" ಅಂತ ಹಟ ಹಿಡಿದಿದ್ದಾನೆ.

ಅವನು ಹೋದ ಮೇಲೆ ಟಾರ್ಚ್ ಹಿಡಿದು ಒಂದೊಂದೇ ಭಾಗ ನೋಡಿದೆ. ಟ್ಯಾಂಕಿನ ಎರಡೂ ಬದಿ ಮೊಣಕಾಲು ಉಜ್ಜಿ ಬಣ್ಣ ಮಾಸಿದೆ. ಎಡಗಡೆ ಒಂದು ಸೊಟ್ಟು. ಮುಂದಿನ ಮಡ್‌ಗಾರ್ಡ್ ಮೇಲೆ ಊರಿನ ಪೇಂಟರ್ ಬ್ರಷ್ಷಿನಲ್ಲಿ ಬರೆದ "ಶ್ರೀ ಆಂಜನೇಯ ಪ್ರಸನ್ನ" ಇನ್ನೂ ಓದಲು ಬರುತ್ತದೆ. ಆ "ಶ್ರೀ"ಯ ಸುಳಿ ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರಿನಲ್ಲಿ ಬರುವುದಿಲ್ಲ. ಬರೆದವರೂ ಈಗಿಲ್ಲ. ಪೇಂಟ್ ಮಾಡಿಸುವುದು ಅಂದರೆ ಮೊದಲು ಇದನ್ನೆಲ್ಲ ಉಜ್ಜಿ ತೆಗೆಯುವುದು, ಅಲ್ವಾ?

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಚಾಸಿ ನಂಬರ್ ಇರುವ ಜಾಗಕ್ಕೆ ಮರಳು ಹೊಡೆಸಿ ದಪ್ಪ ಪೌಡರ್ ಕೋಟಿಂಗ್ ಮಾಡಿಸಿದರೆ ಅಂಕಿಗಳು ತುಂಬಿಕೊಂಡು ಮಸುಕಾಗುತ್ತವೆ. ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಇನ್ಸ್‌ಪೆಕ್ಟರ್ ಮೊದಲು ನೋಡುವುದೇ ಅದನ್ನು. ಬಣ್ಣವೇ ಬೇರೆ ಮಾಡಿದರೆ ಆರ್‌ಸಿಯಲ್ಲೂ ಬದಲಿಸಬೇಕು.

ಜುಲೈ

ಇಂಜಿನ್ ಇಳಿಸಿ ಬಿಚ್ಚಿದ್ದೇವೆ. ನಮ್ಮ ಮೆಕ್ಯಾನಿಕ್ ಹಳೇ ಕೈ, ಕಡಿಮೆ ಮಾತು. ಇಂಜಿನ್ ವಿಷಯದಲ್ಲಿ ನಮ್ಮಿಬ್ಬರಿಗೆ ಚರ್ಚೆಯೇ ಆಗಲಿಲ್ಲ. ಇಲ್ಲಿ ಹಳೆಯದನ್ನು ಉಳಿಸುವ ಮಾತೇ ಇಲ್ಲ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲು ಒಣಗಿ ಬಿರಿದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ. ಆಯಿಲ್ ಬರುವುದೂ ಪೆಟ್ರೋಲಿನ ಜೊತೆಯೇ, ಹಾಗಾಗಿ ಅದೂ ಕಡಿಮೆ. ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ, ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ನಿಂತುಬಿಡುತ್ತದೆ. ಸೀಲು, ಬೇರಿಂಗು ಎಲ್ಲ ಹೊಸದು.

ಸಿಲಿಂಡರಿನ ಮೂಲ ಅಳತೆ 65 ಮಿ.ಮೀ. ಒಳಗೆ ತುಕ್ಕಿನ ಗುಳಿಗಳಿವೆ. ಲೇತಿನವರು ಅಳೆದು, ಬೋರ್ ಮಾಡಿ (ಒಳಗೆ ಕೊರೆದು ಅಗಲಿಸಿ) ಓವರ್‌ಸೈಜ್ ಪಿಸ್ಟನ್ ಹಾಕಲೇಬೇಕು ಅಂದರು. ಆಗಲಿ ಅಂದೆ. ವೈರಿಂಗ್ ಇಲಿ ತಿಂದಿದೆ, ಅದೂ ಹೊಸದು. ಬ್ರೇಕ್ ಶೂ, ಟೈರು, ಕೇಬಲ್ಲುಗಳ ಬಗ್ಗೆ ಯೋಚಿಸಲೇ ಇಲ್ಲ.

ತಲೆನೋವು ಟ್ಯಾಂಕು. ಒಳಗೆಲ್ಲ ತುಕ್ಕು, ಹೊರಗೆ ಕಾರ್ಖಾನೆಯ ಬಣ್ಣ. ಒಳಗೆ ತೊಳೆಯಬೇಕು, ಹೊರಗೆ ಹನಿ ಬೀಳಬಾರದು. ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ತುಂಬಿಸಿದೆ. ಬಾಯಿಯ ಸುತ್ತ ಗ್ರೀಸ್ ಮೆತ್ತಿ ಪ್ಲಾಸ್ಟಿಕ್ ಸುತ್ತಿದ್ದೆ. ಒಂದು ರಾತ್ರಿ ಬಿಟ್ಟು ಖಾಲಿ ಮಾಡಿದರೆ ಬಂದ ನೀರು ಡಿಕಾಕ್ಷನ್ ಥರ ಇತ್ತು. ಆಮೇಲೆ ಸೋಡಾಪುಡಿ ನೀರಲ್ಲಿ ತೊಳೆದು, ಹೇರ್ ಡ್ರೈಯರಿನಲ್ಲಿ ಒಣಗಿಸಿ, ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲು ಕುಲುಕಿ ಹಾಕಿದೆ. ತಡ ಮಾಡಿದರೆ ಹಸಿ ಕಬ್ಬಿಣಕ್ಕೆ ಆಗಲೇ ಮತ್ತೆ ತುಕ್ಕು ಹತ್ತುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನೂ ಹಾಳು ಮಾಡುತ್ತದೆ. ಹಾಗಾಗಿ ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್ ಪ್ಯಾಕಿಂಗು ಹೊಸದು. ಗಾಡಿ ಸುಮ್ನೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಬೇಕು.

ಆಗಸ್ಟ್

ತೀರ್ಮಾನ ಆಯಿತು. ಗಾಡಿ ಓಡಲು, ನಿಲ್ಲಲು, ಬೆಳಕು ಕೊಡಲು ಬೇಕಾದದ್ದೆಲ್ಲ ಹೊಸದಾಗುತ್ತದೆ. ಟ್ಯಾಂಕು, ಮಡ್‌ಗಾರ್ಡು, ಪಕ್ಕದ ಡಬ್ಬಿಗಳು, ಫ್ರೇಮು ಇದ್ದ ಹಾಗೇ ಇರುತ್ತವೆ. ಮೇಲಿನ ಸಡಿಲ ತುಕ್ಕನ್ನು ನಯವಾದ ಸ್ಟೀಲ್ ವೂಲ್‌ನಲ್ಲಿ ಉಜ್ಜಿ ವ್ಯಾಕ್ಸ್ ಹಚ್ಚುತ್ತಿದ್ದೇನೆ. ಹ್ಯಾಂಡಲ್ಲಿನ ಕ್ರೋಮನ್ನು ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಉಜ್ಜಿದೆ. ಅರ್ಧಕ್ಕರ್ಧ ಹೊಳಪು ಬಂತು, ಅಷ್ಟು ಸಾಕು. ಹಿಂದಿನ ಮಡ್‌ಗಾರ್ಡಿನ ಒಳಬದಿ ಮಾತ್ರ ತುಕ್ಕು ತಗಡನ್ನು ತಿನ್ನುತ್ತಿತ್ತು. ಅಲ್ಲಿ ಕೆರೆದು ಪ್ರೈಮರ್ ಹೊಡೆದೆ. ಕಾಣುವ ಜಾಗವಲ್ಲ.

ಸೀಟ್ ಫೋಮು ಇಲಿಯ ಸಂಸಾರಕ್ಕೆ ಹೋಗಿತ್ತು, ಹೊಸದು ಹಾಕಿಸಿ ಹಳೇ ಕವರನ್ನೇ ಮತ್ತೆ ಹೊಲಿಸಿದೆ. ಕುಶನ್ ಅಂಗಡಿಯವನು "ಸರ್, ಹೊಸ ರೆಕ್ಸಿನ್ ಇದಕ್ಕಿಂತ ಅಗ್ಗ" ಅಂತ ನಕ್ಕ. ನಿಜವೇ.

ಒಂದು ಕಡೆ ಮಾತ್ರ ನನ್ನ ಹಟ ನಡೆಯಲಿಲ್ಲ. ಕಪ್ಪು ಪ್ಲೇಟಿನ ಮೇಲೆ ಕೈಯಲ್ಲಿ ಬಿಳಿ ಅಕ್ಷರ ಬರೆಸಿದ್ದ ಹಳೇ ನಂಬರ್ ಪ್ಲೇಟ್, ಕೆಎ ಬರುವುದಕ್ಕೆ ಮೊದಲಿನ ನಂಬರು. ನಮ್ಮ ರಾಜ್ಯದಲ್ಲಿ 2019ರ ಏಪ್ರಿಲ್ 1ಕ್ಕೆ ಮೊದಲಿನ ಗಾಡಿಗಳಿಗೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಬೇಕು. ಹಳೇ ಪ್ಲೇಟನ್ನು ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ.

ಭಾವಮೈದನಿಗೆ ಕೊಟ್ಟ ಉತ್ತರ ಇದು: 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ನನ್ನದಕ್ಕೆ 50 ತುಂಬುವುದು 2036ಕ್ಕೆ. ಅಲ್ಲಿವರೆಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್. ವಿಎ ಸಿಕ್ಕಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ ಅಂತಲೂ ಇದೆ. ನನಗೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುವ ಗಾಡಿ ಬೇಕು. ಹಾಗಾಗಿ ಆ ಬೋರ್ಡಿನ ಆಸೆ ನನಗೇನೂ ಇಲ್ಲ, ಅವನ ಬಾಯಿ ಮುಚ್ಚಿಸಲು ಹೇಳಿದ್ದು.

ಬಾಕಿ ಇರುವುದು ಸೈಲೆನ್ಸರುಗಳು. ಒಳಗಿನ ಕಾರ್ಬನ್ನಿಗೆ ಕಾಸ್ಟಿಕ್ ಸೋಡಾ ಹಾಕಬೇಕು, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಬಲಗಡೆಯದು ಗಟ್ಟಿಯಾಗಿದೆ. ಎಡಗಡೆಯದರ ತಳದಲ್ಲಿ ತೂತು ಬಿದ್ದಿದೆ. ವೆಲ್ಡಿಂಗ್ ಮಾಡಿಸಿದರೆ ಸುತ್ತಲಿನ ಕ್ರೋಮ್ ಸುಡುತ್ತದೆ, ಹೊಸದು ತಂದರೆ ಎರಡೂ ಬೇರೆ ಬೇರೆ ಕಾಣುತ್ತವೆ. ಮೆಕ್ಯಾನಿಕ್ "ಎರಡೂ ಹೊಸದು ಹಾಕಿ, ಹಳೇದು ಅಟ್ಟದ ಮೇಲಿಡಿ" ಅನ್ನುತ್ತಾರೆ. ನಾನು ವೆಲ್ಡಿಂಗ್ ಕಡೆಗೇ ಇದ್ದೇನೆ. ಭಾನುವಾರ ಬಿಚ್ಚುತ್ತೇವೆ.